ಪಕ್ಕದ ಸೀಟಿನ ಬ್ರೇಕು

ಊರಿಗೆಲ್ಲ ಬ್ರೇಕ್ ಮೇಷ್ಟ್ರಾಗಿ, ನನಗೆ ಮಾತ್ರ ಬರೀ ‘ರೀ’ ಆಗಿ ಉಳಿದ ನಿಮಗೆ,

ನಾನು ಚೆನ್ನಾಗಿಲ್ಲ. ನೀವೂ ಚೆನ್ನಾಗಿಲ್ಲ ಅಂತ ಗೊತ್ತು. ಆದ್ದರಿಂದ ಕ್ಷೇಮಸಮಾಚಾರದ ಸಾಲುಗಳನ್ನು ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ. ನನಗೆ ನಿಮ್ಮ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟಿದೆ. ಈ ಪತ್ರವನ್ನು ಆಗಲೇ ಎರಡು ಸಲ ಬರೆದು ಹರಿದು ಹಾಕಿದೆ. ಅರ್ಧಕ್ಕೆ ಬರುವಷ್ಟರಲ್ಲಿ ನಿಮ್ಮನ್ನು ಏಕವಚನದಲ್ಲಿ ಬೈಯುತ್ತಿದ್ದೆ, ಅದಕ್ಕೆ. ಈ ಸಲ ‘ನೀವು’ ಅಂತಲೇ ಬೈಯುತ್ತೇನೆ. ಫೋನನ್ನಂತೂ ಆಫ್ ಮಾಡಿಟ್ಟುಕೊಂಡು ಕೂತಿದ್ದೀರಿ. ನಿಮ್ಮ ತಮ್ಮನ ಮನೆಯ ವಿಳಾಸಕ್ಕೆ ಕಳಿಸುತ್ತಿದ್ದೇನೆ, ಓದದೆ ದಿಂಬಿನ ಕೆಳಗೆ ಸೇರಿಸಬೇಡಿ.

ಬರುವ ಗುರುವಾರ ಬೆಳಿಗ್ಗೆ ಗ್ರಾಹಕರ ದೂರು ಕಚೇರಿಯಲ್ಲಿ ವಿಚಾರಣೆ ಇದೆ. ಹೌದು, ದೂರು ಕೊಟ್ಟಿದ್ದೇನೆ. ನಿಮ್ಮನ್ನು ಕೇಳಲಿಲ್ಲ. ಕೇಳಲು ನೀವು ಎಲ್ಲಿದ್ದಿರಿ? ಸಾಲ ಕೊಟ್ಟ ಕಂಪನಿಯವರು ಅದಕ್ಕೆ ಉತ್ತರವನ್ನೂ ಬರೆದು ಕೊಟ್ಟಿದ್ದಾರೆ. ‘ಆಸಾಮಿ ಊರು ಬಿಟ್ಟು ಪರಾರಿಯಾಗಿದ್ದಾನೆ, ಅವನನ್ನು ಹುಡುಕುವುದಕ್ಕಾಗಿ ಪರಿಚಯದವರನ್ನು ವಿಚಾರಿಸಿದ್ದೇವೆ, ಅಷ್ಟೆ’ ಅಂತ. ಆ ಆಸಾಮಿ ನೀವು. ನೀವು ಬಂದು ಅವರ ಎದುರಿನ ಕುರ್ಚಿಯಲ್ಲಿ ಕೂರದಿದ್ದರೆ ಅವರು ಬರೆದದ್ದೇ ನಿಜವಾಗುತ್ತದೆ. ಆಮೇಲೆ ಈ ಊರಿನಲ್ಲಿ ನೀವು ಸಾಯುವವರೆಗೂ ಪರಾರಿಯಾದವರೇ. ಅದಕ್ಕೇ ಈ ಪತ್ರ.

ನಿಮಗೆ ಗೊತ್ತಿರುವುದನ್ನೇ ಮೊದಲಿನಿಂದ ಹೇಳುತ್ತೇನೆ, ನನ್ನ ಬಾಯಿಂದ ಒಮ್ಮೆ ಕೇಳಿಸಿಕೊಳ್ಳಿ. ಕಾರಿನ ಗೇರ್‌ಬಾಕ್ಸ್ ಕೈಕೊಟ್ಟಾಗ ಸಾಲ ತೆಗೆದುಕೊಂಡಿರಿ. ಅದರಲ್ಲಿ ತಪ್ಪೇನಿಲ್ಲ. ಕಾರಿಲ್ಲದೆ ಡ್ರೈವಿಂಗ್ ಶಾಲೆ ನಡೆಸಲು ಬರುವುದಿಲ್ಲ, ಕಲಿಯುವವರನ್ನು ಕುರ್ಚಿಯ ಮೇಲೆ ಕೂರಿಸಿ ಕೈಗೆ ತಟ್ಟೆ ಕೊಟ್ಟು ತಿರುಗಿಸಿ ಅನ್ನಲಾಗುವುದಿಲ್ಲ. ಕಂತನ್ನೂ ಸರಿಯಾಗಿ ಕಟ್ಟುತ್ತಿದ್ದಿರಿ. ಆಮೇಲೆ ಪರೀಕ್ಷೆಯ ಮೈದಾನವನ್ನು ದುರಸ್ತಿಗೆ ಅಂತ ಮುಚ್ಚಿದರು. ಲೈಸೆನ್ಸ್ ಪರೀಕ್ಷೆಯೇ ಇಲ್ಲ ಅಂದಮೇಲೆ ಕಲಿಯಲು ಹೊಸಬರು ಯಾರು ಬರುತ್ತಾರೆ? ಎರಡು ಕಂತು ಬಾಕಿ ಬಿತ್ತು. ಇಷ್ಟೇ ನೀವು ಮಾಡಿದ ಘನಘೋರ ಅಪರಾಧ.

ಇನ್ನೊಂದನ್ನೂ ಮಾಡಿದಿರಿ. ಆ ಸಾಲ ಫೋನಿನಲ್ಲೇ ಸಿಕ್ಕಿದ್ದು. ದಾರಿ ಬದಿಯ ಒಂದು ಬೋರ್ಡನ್ನೂ ಓದದೆ ಮುಂದೆ ಹೋಗದ ನೀವು, ತುಕ್ಕು ಹಿಡಿದು ಅರ್ಧ ಅಳಿಸಿಹೋದ ‘ನಿಧಾನ’ಕ್ಕೂ ಮರ್ಯಾದೆ ಕೊಡುವ ನೀವು, ಆ ಆ್ಯಪ್ ಕೇಳಿದ್ದಕ್ಕೆಲ್ಲ ಒಪ್ಪಿಗೆ, ಒಪ್ಪಿಗೆ, ಒಪ್ಪಿಗೆ ಅಂತ ಒತ್ತುತ್ತಾ ಹೋದಿರಿ. ನಿಮ್ಮ ಫೋನಿನಲ್ಲಿದ್ದ ಹೆಸರು, ನಂಬರುಗಳೆಲ್ಲ ಅವರ ಕೈ ಸೇರಿದವು. ಆ ಹೆಸರುಗಳಾದರೂ ಎಂಥವು! ಯಾರ ನಿಜವಾದ ಹೆಸರನ್ನೂ ನೀವು ಬರೆದುಕೊಂಡವರಲ್ಲ. ಯಾರಿಗೆ ಏನು ಬರುವುದಿಲ್ಲವೋ ಅದೇ ಅವರ ಹೆಸರು. ಗೇರ್ ಅಜ್ಜಿ. ರಿವರ್ಸ್ ಡಾಕ್ಟರ್. ಕ್ಲಚ್ ಟೀಚರ್. ಒಬ್ಬರನ್ನು ಕಂಡು ಒಬ್ಬರು ಹಾರ್ನ್ ಒತ್ತುವ ಹಾರ್ನ್ ದಂಪತಿ. ‘ಫೋನ್ ಬಂದ ತಕ್ಷಣ ಇವತ್ತು ಏನು ಪಾಠ ಅಂತ ಗೊತ್ತಾಗ್ಬೇಕು ಕಣೇ’ ಅನ್ನುತ್ತಿದ್ದಿರಿ. ಎಷ್ಟು ನಗುತ್ತಿದ್ದೆವು ನಾವಿಬ್ಬರೂ. ಆ ನಗು ನಮ್ಮ ಅಡುಗೆಮನೆಯೊಳಗಿನದ್ದು, ಹೊರಗಿನವರಿಗಲ್ಲ.

ಆ ಹೆಸರುಗಳನ್ನು ಹಿಡಿದುಕೊಂಡೇ ಅವರು ಫೋನ್ ಶುರು ಮಾಡಿದರು. ‘ಹಲೋ, ಗೇರ್ ಅಜ್ಜಿನಾ? ನಿಮ್ಮ ಮೇಷ್ಟ್ರು ಕಳ್ಳ ಅಂತ ಗೊತ್ತಾ ನಿಮಗೆ? ಅವನು ಕಟ್ಟಲ್ಲ, ನೀವು ಕಟ್ತೀರಾ?’ ಕ್ಲಚ್ ಟೀಚರ್‌ಗೆ ಪಾಠದ ನಡುವೆ ಫೋನ್. ರಿವರ್ಸ್ ಡಾಕ್ಟರ್‌ಗೆ ರೋಗಿಯ ಎದುರು ಫೋನ್. ಹಾರ್ನ್ ದಂಪತಿಗಳಲ್ಲಿ ಗಂಡನಿಗೊಂದು, ಹೆಂಡತಿಗೊಂದು. ನನಗೆ ಬಂದ ಫೋನುಗಳ ಮಾತನ್ನು ಇಲ್ಲಿ ಬರೆಯುವುದಿಲ್ಲ. ಅಂಥ ಮಾತನ್ನು ಬರೆದ ಕೈಯಲ್ಲಿ ಮತ್ತೆ ನಾನು ಬೇಕರಿಯ ಹಿಟ್ಟು ಮುಟ್ಟಬೇಕು.

ಆಗ ನೀವೇನು ಮಾಡಿದಿರಿ? ನನಗೆ ಇವತ್ತಿಗೂ ಹಲ್ಲು ಕಡಿಯುವಂತಾಗುವುದು ಇಲ್ಲೇ. ಒಗೆದ ಶರ್ಟು ಹಾಕಿಕೊಂಡು, ತಲೆ ಬಾಚಿಕೊಂಡು, ಒಬ್ಬೊಬ್ಬರ ಮನೆಗೂ ಹೋಗಿ ಬಾಗಿಲಲ್ಲಿ ನಿಂತು ‘ನನ್ನಿಂದ ನಿಮಗೆ ತೊಂದರೆ ಆಯ್ತು, ತಪ್ಪಾಯ್ತು’ ಅಂತ ಕ್ಷಮೆ ಕೇಳಿ ಬಂದಿರಿ. ಅವನು ಯಾವನೋ ಬಾಯಿಗೆ ಬಂದಂತೆ ಬೊಗಳಿದ್ದಕ್ಕೆ ನೀವು ತಪ್ಪಾಯ್ತು ಅಂದಿರಿ! ಯಾಕೆ ಹೀಗೆ ಅಂತ ಕೇಳಿದ್ದಕ್ಕೆ ನನಗೇ ಪಾಠ ಹೇಳಿದಿರಿ. ‘ಕಾರಿನೊಳಗೆ ಏನೇ ಆದ್ರೂ ತಪ್ಪು ಕಲಿಸೋನದ್ದು. ಇಲ್ಲದಿದ್ರೆ ಪಕ್ಕದ ಸೀಟಿಗೂ ಒಂದು ಬ್ರೇಕ್ ಯಾಕೆ ಇಟ್ಟಿರ್ತಾರೆ?’ ನಿಮ್ಮ ಕಸುಬಿಗೆ ಅದು ಸರಿ. ಕಲಿಯುವವರು ಕಂಬಕ್ಕೆ ಗುದ್ದಿದರೂ ನೀವು ಅವರನ್ನು ಬೈದವರಲ್ಲ, ಅದಕ್ಕೇ ಜನ ನಿಮ್ಮ ಹತ್ತಿರ ಬರುತ್ತಿದ್ದದ್ದು. ಆದರೆ ಊರೆಲ್ಲ ನಿಮ್ಮ ಕಾರಲ್ಲ. ಎದುರಿನಿಂದ ಕುಡಿದವನು ಬಂದು ಗುದ್ದಿದರೆ ಅದಕ್ಕೂ ನಿಮ್ಮ ಬ್ರೇಕೇ ಕಾರಣ ಅನ್ನುತ್ತೀರಾ?

ಆಮೇಲೆ ಆ ದಿನ ಬಂತು. ಗೇರ್ ಅಜ್ಜಿ ಕಾರು ಓಡಿಸುತ್ತಿದ್ದರು, ನೀವು ಪಕ್ಕದಲ್ಲಿದ್ದಿರಿ. ಮಾರ್ಕೆಟ್ಟಿನ ತಿರುವಿನಲ್ಲಿ ಕಂಪನಿಯ ಪರ ವಸೂಲಿಗೆ ಬರುವ ಆ ಹೆಲ್ಮೆಟ್‌ನವನು ಬೈಕು ಅಡ್ಡ ಹಾಕಿದ. ನೀವು ಬ್ರೇಕ್ ಒತ್ತದಿದ್ದರೆ ಅವತ್ತು ಅವನು ನಮ್ಮ ಕಾರಿನ ಕೆಳಗಿರುತ್ತಿದ್ದ. ಅವನ ಪ್ರಾಣ ಉಳಿಸಿದವರು ನೀವು. ಅವನು ಮಾತ್ರ ಕಿಟಕಿಯೊಳಗೆ ಕೈ ಹಾಕಿ, ಅಜ್ಜಿಯ ಮೊಣಕೈ ತಳ್ಳಿ, ಕೀ ಕಿತ್ತುಕೊಂಡು ‘ಕಂತು ಕಟ್ಟು, ಕೀ ತಗೊಂಡು ಹೋಗು’ ಅಂತ ಹೇಳಿ ಹೋದ. ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೆಯುತ್ತಿದ್ದವಂತೆ. ಅಷ್ಟು ವಯಸ್ಸಾದ ಅಜ್ಜಿಯೂ ನೀವೂ ಸೇರಿ ಕಾರನ್ನು ಬದಿಗೆ ತಳ್ಳಿದಿರಂತೆ. ತಳ್ಳುತ್ತಲೇ ನೀವು ಹಿಂದಿನವರಿಗೆಲ್ಲ ಸಾರಿ, ಸಾರಿ ಅನ್ನುತ್ತಿದ್ದಿರಂತೆ. ಇದನ್ನೆಲ್ಲ ನನಗೆ ಹೇಳಿದವರು ಅಜ್ಜಿ. ನೀವು ಮನೆಗೆ ಬಂದು ಒಂದೇ ಒಂದು ಮಾತಾಡಿದಿರಿ. ‘ನಾನಿಲ್ಲ ಅಂದ್ರೆ ಅವರು ಈ ಕಡೆ ಬರಲ್ಲ.’ ಮರುದಿನ ಬೆಳಿಗ್ಗೆ ನಿಮ್ಮ ಬ್ಯಾಗಿರಲಿಲ್ಲ.

ಬಂದರು ರೀ. ಅದೇ ಮಧ್ಯಾಹ್ನವೇ ಬಂದರು. ಮೆಟ್ಟಿಲ ಮೇಲೆ ನಿಂತು ಮೂರೂ ಮಹಡಿಗೆ ಕೇಳುವ ಹಾಗೆ ಕೂಗಿದರು. ನಿಮ್ಮನ್ನು ಎದುರಿಗಿಟ್ಟುಕೊಂಡು ಬೈಯುತ್ತಿದ್ದವರು ಆಮೇಲೆ ನನ್ನನ್ನೂ ಅತ್ತೆಯನ್ನೂ ಬೈದರು, ಅಷ್ಟೇ ವ್ಯತ್ಯಾಸ. ಕೆಳಗಿನ ಮನೆಯವರು ಬಾಗಿಲು ಹಾಕಿಕೊಂಡರು. ಅತ್ತೆ ಮಾತ್ರ ತಮ್ಮ ಹಳೇ ವಾಕಿಂಗ್ ಸ್ಟಿಕ್ ಹಿಡಿದುಕೊಂಡು ಬಾಗಿಲಿಗೆ ಬಂದು ‘ಯಾರಪ್ಪಾ ಅದು, ಗಂಟಲು ಇಷ್ಟು ಚೆನ್ನಾಗಿದೆಯಲ್ಲ, ಎಲ್ಲಾದರೂ ಹಾಡೋಕೆ ಹೋಗಬಾರದಾ?’ ಅಂದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ಅಡಗಿ ನಿಂತಿದ್ದೆ. ನೀವು ಹೋಗಿದ್ದು ನಮ್ಮನ್ನು ಕಾಪಾಡಲು ಅಂತ ನೀವು ನಂಬಿದ್ದೀರಿ, ಅದು ನನಗೆ ಅರ್ಥವಾಗುತ್ತದೆ. ಅರ್ಥವಾದರೂ ಸಿಟ್ಟು ಇಳಿಯುವುದಿಲ್ಲ.

ಕೇಕಿನ ಕಥೆ ನಿಮಗೆ ಗೊತ್ತಿಲ್ಲ. ನಮ್ಮ ಬೇಕರಿಯ ಪದ್ಧತಿ ನಿಮಗೆ ಗೊತ್ತಲ್ಲ. ಮಾಲೀಕರು ಫೋನಿನಲ್ಲಿ ಆರ್ಡರ್ ತಗೊಂಡು, ಕೇಕಿನ ಮೇಲೆ ಏನು ಬರೆಯಬೇಕು ಅನ್ನುವುದನ್ನು ಚೀಟಿಯಲ್ಲಿ ಬರೆದು ತಂತಿಗೆ ಸಿಕ್ಕಿಸುತ್ತಾರೆ. ನಾನು ಕ್ರೀಮಿನಲ್ಲಿ ಅದನ್ನೇ ಬರೆಯಬೇಕು, ಅರ್ಥ ಕೇಳುವ ಹಾಗಿಲ್ಲ. ‘ಮತ್ತೆ ಫೇಲಾದ ಮಗನಿಗೆ ಪ್ರೀತಿಯಿಂದ’ ಅಂತ ಬರೆದವಳು ನಾನು. ‘ಕೊನೆಗೂ ಟ್ರಾನ್ಸ್‌ಫರ್ ಆದ ಬಾಸಿಗೆ ಹೃತ್ಪೂರ್ವಕ’ ಅಂತಲೂ ಬರೆದಿದ್ದೇನೆ. ಅವತ್ತು ಚೀಟಿಯಲ್ಲಿ ‘ಪರಾರಿಯಾದ ಕಳ್ಳನ ಹೆಂಡತಿಗೆ ಶುಭಾಶಯ’ ಅಂತಿತ್ತು. ಯಾರೋ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ಅಕ್ಷರ ದುಂಡಗೆ ಬರಲಿ ಅಂತ ಉಸಿರು ಬಿಗಿಹಿಡಿದು ಬರೆದೆ. ಸುತ್ತ ಹೂವು ಬಿಡಿಸಿದೆ. ಕೊನೆಯ ಹೂವಿಗೆ ಎಲೆ ಬಿಡಿಸುವಾಗ ನನಗೆ ಫೋನ್ ಬಂತು. ‘ಕೇಕ್ ಚೆನ್ನಾಗಿ ಬಂತಾ ಅಕ್ಕಾ?’ ಅಂತ ದಿನಾ ಬೈಯುವ ಅದೇ ದನಿ. ಹಿಂದೆ ಇನ್ನಿಬ್ಬರು ನಗುವುದು ಕೇಳಿಸುತ್ತಿತ್ತು.

ನನ್ನನ್ನು ಬೈಯುವ ಮಾತನ್ನು ನನ್ನ ಕೈಯಲ್ಲೇ ಬರೆಸಿದರು ರೀ. ಹೂವು ಬಿಡಿಸಿ ಬರೆಸಿದರು. ನೀವು ಹೋದಾಗಲೂ ಅತ್ತಿರಲಿಲ್ಲ, ಅವತ್ತು ಕ್ರೀಮಿನ ಚೀಲವನ್ನು ಕೈಯಲ್ಲಿ ಹಿಡಿದುಕೊಂಡೇ ಅತ್ತೆ.

ದುಡ್ಡು ಕಟ್ಟಿದ ಆರ್ಡರನ್ನು ಅಂಗಡಿ ಮುಚ್ಚುವವರೆಗೂ ಗಾಜಿನ ಕಪಾಟಿನಲ್ಲಿ ಇಡಲೇಬೇಕು ಅನ್ನುವುದು ಮಾಲೀಕರ ನಿಯಮ. ಹಿಂದೆ ಯಾರದೋ ಮದುವೆಯ ಕೇಕನ್ನು ಬೇಗ ತೆಗೆದು ರಾದ್ಧಾಂತವಾಗಿತ್ತು. ಹಾಗಾಗಿ ಅದು ಬಂದುಹೋದವರಿಗೆಲ್ಲ ಕಾಣುವ ಹಾಗೆ ಅಲ್ಲೇ ಕೂತಿತ್ತು. ಸಂಜೆ ಒಬ್ಬ ಹೆಂಗಸು ತಂಗಿ ಮಗಳ ಕೇಕ್ ತಗೊಂಡು ಹೋಗಲು ಬಂದರು, ಅದನ್ನು ಓದಿ ಜೋರಾಗಿ ನಕ್ಕರು. ಆಮೇಲೆ ನನ್ನ ಮುಖ ನೋಡಿದರು. ನಗು ಅಲ್ಲಿಗೇ ನಿಂತಿತು. ‘ಇದು ಯಾರಿಗೆ?’ ಅಂದರು. ‘ನನಗೇ’ ಅಂದೆ. ಅವರು ಉಚಿತ ಕಾನೂನು ನೆರವು ಕೊಡುವ ಕಚೇರಿಯ ವಕೀಲರು. ಅದು ನಮ್ಮ ಬೇಕರಿಯ ಹಿಂದಿನ ಬೀದಿಯಲ್ಲೇ ಇದೆಯಂತೆ. ಇಷ್ಟು ವರ್ಷ ಅದರ ಮುಂದೆಯೇ ಓಡಾಡಿದ್ದೇನೆ, ನಮ್ಮಂಥವರಿಗಲ್ಲ ಅಂದುಕೊಂಡು ಬೋರ್ಡನ್ನೂ ಓದಿರಲಿಲ್ಲ.

ಅಂಗಡಿಯ ಹಿಂದಿನ ಬೆಂಚಿನ ಮೇಲೆ ಕೂರಿಸಿಕೊಂಡು ಅವರು ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ‘ಕಂತು ಬಾಕಿ ಉಳಿಸ್ಕೊಂಡ ಮಾತ್ರಕ್ಕೆ ಯಾರೂ ಕಳ್ಳರಾಗಲ್ಲಮ್ಮಾ. ಸಾಲ ಕೊಟ್ಟವರು ಕೇಳಬಹುದು, ನೋಟಿಸ್ ಕಳಿಸಬಹುದು, ಕೋರ್ಟಿಗೂ ಹೋಗಬಹುದು. ಬೈಯೋ ಹಾಗಿಲ್ಲ. ಹೆದರಿಸೋ ಹಾಗಿಲ್ಲ. ನಿಮ್ಮ ಬಾಕಿ ವಿಷಯ ಸಂಬಂಧವಿಲ್ಲದವರಿಗೆಲ್ಲ ಸಾರಿಕೊಂಡು ಬರೋ ಹಾಗಿಲ್ಲ. ಮನೆಗೆ ಬಂದರೆ ತಾನು ಯಾರು, ಯಾರು ಕಳಿಸಿದ್ದು ಅಂತ ತೋರಿಸಬೇಕು. ಇನ್ನು ರಸ್ತೆಯಲ್ಲಿ ಕೀ ಕಿತ್ತುಕೊಳ್ಳೋದಕ್ಕೆ ಯಾವ ಕಾನೂನೂ ಒಪ್ಪಲ್ಲ, ಅದಕ್ಕೆ ಪೊಲೀಸ್ ದೂರು ಬೇರೆ ಕೊಡೋಣ.’ ನಾನು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಜೈಲಿಗೆ ಹಾಕಿಸ್ತೀವಿ ಅನ್ನುತ್ತಿದ್ದರಲ್ಲ, ಅದು? ‘ಬರೀ ಹೆದರಿಕೆ.’ ನೀವು ಕೆಲಸ ಬಿಟ್ಟು, ಮನೆ ಬಿಟ್ಟು, ನಮ್ಮನ್ನು ಬಿಟ್ಟು ಹೋದದ್ದು ಆ ಬರೀ ಹೆದರಿಕೆಗೆ. ಅವತ್ತಿನಿಂದ ನನ್ನ ಅಳು ಪೂರ್ತಿ ಸಿಟ್ಟಾಗಿ ತಿರುಗಿತು.

ವಕೀಲರು ಕೇಕಿನ ಫೋಟೋ ತೆಗೆದುಕೊಂಡರು. ಆರ್ಡರ್ ಕೊಟ್ಟ ನಂಬರು, ನನ್ನನ್ನು ಬೈದ ನಂಬರು ಎರಡೂ ಒಂದೇ ಅಂತ ಮಾಲೀಕರು ತೆಗೆದು ತೋರಿಸಿದರು. ಅಂಗಡಿ ಮುಚ್ಚಿದ ಮೇಲೆ ಕೇಕನ್ನು ಮನೆಗೆ ತಂದೆ. ಎಸೆಯೋಣ ಅಂದರೆ ಅತ್ತೆ ಬಿಡಲಿಲ್ಲ. ‘ಕಳ್ಳ ಅನ್ನೋ ತುಂಡು ನನಗೆ ಕೊಡು. ಅವನನ್ನ ಹೆತ್ತವಳು ನಾನು, ನಾನೇ ನುಂಗ್ತೀನಿ’ ಅಂದರು. ಚಮಚದಲ್ಲಿ ಪೂರ್ತಿ ತಿಂದು ಮುಗಿಸಿದರು. ಸಕ್ಕರೆ ಕಾಯಿಲೆಗೆ ಅದು ಒಳ್ಳೆಯದಲ್ಲ ಅಂತ ಹೇಳುವ ಧೈರ್ಯ ನನಗೆ ಬರಲಿಲ್ಲ.

ಆಮೇಲೆ ನೀವು ಕ್ಷಮೆ ಕೇಳಿ ಬಂದ ಮನೆಗಳಿಗೆಲ್ಲ ನಾನೂ ಹೋದೆ. ನಾನು ಕ್ಷಮೆ ಕೇಳಲು ಹೋಗಲಿಲ್ಲ. ನಿಮಗೆ ಬಂದ ಫೋನಿನಲ್ಲಿ ಏನಂದರು, ಬರೆದುಕೊಡಿ ಅಂತ ಕೇಳಲು ಹೋದೆ. ಡಾಕ್ಟರ್ ಮೊದಲು ಮುಖ ಕೊಟ್ಟು ಮಾತಾಡಲಿಲ್ಲ. ‘ನಿಮ್ಮ ಯಜಮಾನರು ಬಂದು ತಪ್ಪಾಯ್ತು ಅಂದ್ರಲ್ಲಮ್ಮಾ. ಹಾಗಾದ್ರೆ ಅವನು ಹೇಳಿದ್ದು ನಿಜಾನೇ ಇರಬೇಕು ಅಂದ್ಕೊಂಡೆ’ ಅಂದರು. ಕೇಳಿಸಿತಾ ರೀ? ಅವನು ಕಳ್ಳ ಅಂದಾಗ ಡಾಕ್ಟರ್ ನಂಬಿರಲಿಲ್ಲ. ನೀವು ಹೋಗಿ ನಂಬಿಸಿ ಬಂದಿರಿ.

ನಾನು ಒಂದೇ ಪ್ರಶ್ನೆ ಕೇಳಿದೆ. ಅವನು ನಿಮ್ಮನ್ನು ಏನಂತ ಕರೆದ? ಡಾಕ್ಟರ ಕಿವಿ ಕೆಂಪಾಯಿತು. ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ‘ರಿವರ್ಸ್ ಡಾಕ್ಟರ್’ ಅಂದರು. ಆ ಹೆಸರು ಈ ಭೂಮಿಯ ಮೇಲೆ ನಿಮ್ಮ ಫೋನಿನಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ. ಕಂಪನಿಯವರು ತಮ್ಮ ಉತ್ತರದಲ್ಲಿ, ನೀವೇ ಪರಿಚಯದವರ ನಂಬರು ಬರೆದುಕೊಟ್ಟಿರಿ ಅಂದಿದ್ದಾರೆ. ಯಾರಾದರೂ ಸಾಲದ ಅರ್ಜಿಯಲ್ಲಿ ರಿವರ್ಸ್ ಡಾಕ್ಟರ್ ಅಂತ ಬರೆದುಕೊಡುತ್ತಾರೆಯೇ? ನಿಮ್ಮ ಫೋನನ್ನು ಜಾಲಾಡಿಯೇ ಅವರಿಗೆ ಆ ಹೆಸರು ಸಿಕ್ಕಿದ್ದು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ ಅಂತ ವಕೀಲರು ಮೇಜು ಕುಟ್ಟಿ ನಕ್ಕರು. ಡಾಕ್ಟರ್ ಬರೆದುಕೊಟ್ಟರು. ‘ಈಗ ನನಗೆ ರಿವರ್ಸ್ ಚೆನ್ನಾಗಿ ಬರುತ್ತೆ, ಅದನ್ನೂ ಸೇರಿಸಲಾ?’ ಅಂತ ಕೇಳಿದರು. ಕ್ಲಚ್ ಟೀಚರ್ ಬರೆದುಕೊಟ್ಟರು. ಹಾರ್ನ್ ದಂಪತಿಗೆ ತಮ್ಮ ಹೆಸರು ಕೇಳಿ ಮನೆಯೊಳಗೇ ಜಗಳವಾಯಿತು, ಆದರೂ ಇಬ್ಬರೂ ಸಹಿ ಹಾಕಿದರು. ಗೇರ್ ಅಜ್ಜಿ ಇನ್ನೂ ಒಂದು ಹೆಜ್ಜೆ ಮುಂದೆ. ಔಷಧಿಯ ಬಗ್ಗೆ ತಮ್ಮ ಡಾಕ್ಟರು ಹೇಳಿದ್ದು ಅಜ್ಜಿಗೆ ಮರೆತುಹೋಗುತ್ತದೆ ಅಂತ ಅವರ ಮಗಳು ಫೋನಿನಲ್ಲಿ ಎಲ್ಲ ಕರೆಯೂ ರೆಕಾರ್ಡ್ ಆಗುವ ಹಾಗೆ ಮಾಡಿಕೊಟ್ಟಿದ್ದಾಳೆ. ಆ ದನಿ, ಆ ಬೈಗುಳ, ‘ಹಲೋ, ಗೇರ್ ಅಜ್ಜಿನಾ’ ಅನ್ನುವುದರಿಂದ ಹಿಡಿದು ಎಲ್ಲವೂ ಅದರಲ್ಲಿದೆ. ನೀವು ತಲೆ ತಗ್ಗಿಸಿ ನಿಂತ ಬಾಗಿಲುಗಳೇ ಈಗ ನಮ್ಮ ಪರ ನಿಂತಿವೆ. ನೀವೊಬ್ಬರು ಇಲ್ಲ.

ಹೆಲ್ಮೆಟ್‌ನವನು ಹೋದ ವಾರ ಮತ್ತೆ ಬಂದಿದ್ದ. ಈ ಸಲ ಬಾಗಿಲು ನಾನೇ ತೆಗೆದೆ. ‘ಹೆಲ್ಮೆಟ್ ತೆಗೀರಿ’ ಅಂದೆ. ‘ಏನು?’ ಅಂದ. ‘ಮುಖ ತೋರಿಸಿ. ಗುರುತಿನ ಚೀಟಿ ತೋರಿಸಿ. ಕಂಪನಿ ನಿಮ್ಮನ್ನ ಕಳಿಸಿದೆ ಅನ್ನೋ ಕಾಗದ ತೋರಿಸಿ. ಆಮೇಲೆ ಮಾತಾಡೋಣ.’ ‘ನನಗೇ ಕಾನೂನು ಹೇಳಿಕೊಡ್ತೀಯಾ?’ ಅಂದ. ‘ಹೇಳಿಕೊಡ್ತೀನಿ, ಫೀಸು ಬೇಡ. ನಮ್ಮ ಕಾರಿನ ಕೀ ಎಲ್ಲಿ?’ ಅಂದೆ. ಹಿಂದಿನಿಂದ ಅತ್ತೆ ‘ಅವನ ಮುಖ ಅಷ್ಟು ಚೆನ್ನಾಗಿರಲ್ಲ ಬಿಡೇ, ಪಾಪ, ಮುಚ್ಚಿಕೊಂಡೇ ಇರಲಿ’ ಅಂದರು. ಅವನು ಏನೋ ಗೊಣಗಿಕೊಂಡು ಮೆಟ್ಟಿಲಿಳಿದು ಹೋದ. ಬಾಗಿಲು ಹಾಕಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಕೆಳಗಿನ ಮನೆಯವರು ಮೇಲೆ ಬಂದು ನೀರು ಕೊಟ್ಟರು. ಹೆದರಿಕೆ ನನಗೂ ಇದೆ ರೀ. ಆದರೂ ಇಲ್ಲೇ ಇದ್ದೇನೆ.

ಬಾಕಿ ಕಟ್ಟುವುದಿಲ್ಲ ಅಂತ ನಾನು ಎಲ್ಲೂ ಹೇಳಿಲ್ಲ. ಮೈದಾನ ತೆರೆದಿದೆ, ಪರೀಕ್ಷೆಗಳು ಶುರುವಾಗಿವೆ, ಕಲಿಯುವವರು ನಿಮ್ಮನ್ನು ಕೇಳಿಕೊಂಡು ಬರುತ್ತಿದ್ದಾರೆ. ಉಳಿದದ್ದನ್ನು ಸಣ್ಣ ಕಂತಿನಲ್ಲಿ ಕಟ್ಟುತ್ತೇವೆ, ರಶೀದಿ ಕೊಡಿ, ಕೀ ಕೊಡಿ, ನಮ್ಮ ಬಗ್ಗೆ ಯಾರಿಗೆಲ್ಲ ಫೋನ್ ಮಾಡಿದ್ದೀರೋ ಅವರಿಗೆಲ್ಲ ತಪ್ಪಾಯ್ತು ಅಂತ ಬರೆದುಕೊಡಿ. ಇಷ್ಟೇ ನಾವು ಕೇಳಿರುವುದು. ಸಾಲ ನಮ್ಮದು, ಅದನ್ನು ತೀರಿಸುತ್ತೇವೆ. ಮರ್ಯಾದೆಯನ್ನು ನಾವು ಯಾರಿಂದಲೂ ಸಾಲ ತಂದಿರಲಿಲ್ಲ, ಅದನ್ನು ಕಿತ್ತುಕೊಂಡು ಹೋಗಲು ಅವರು ಯಾರು?

ಇನ್ನೊಂದು ವಿಷಯ. ಕೀ ಹೋಯಿತು ಅಂತ ಕಾರಿನ ಆಸೆಯನ್ನೇ ಬಿಟ್ಟು ಹೋದಿರಲ್ಲ, ಇನ್ನೊಂದು ಕೀ ನನ್ನ ಗುಂಡಿ ಡಬ್ಬಿಯಲ್ಲಿದೆ ಅಂತ ನೆನಪಾಗಲಿಲ್ಲವೇ? ಇಟ್ಟವರು ನೀವೇ. ಊರಿಗೆಲ್ಲ ಡ್ರೈವಿಂಗ್ ಕಲಿಸಿದಿರಿ, ಕಟ್ಟಿಕೊಂಡವಳಿಗೆ ಕಲಿಸಲಿಲ್ಲ. ಕೇಳಿದಾಗಲೆಲ್ಲ ‘ಮನೆಯವರಿಗೆ ಕಲಿಸೋಕೆ ಆಗಲ್ಲ, ಜಗಳ ಆಗುತ್ತೆ’ ಅನ್ನುತ್ತಿದ್ದಿರಿ. ಜಗಳವಿಲ್ಲದೆಯೇ ಕಲಿಯುತ್ತಿದ್ದೇನೆ. ಗೇರ್ ಅಜ್ಜಿ ಪರೀಕ್ಷೆ ಪಾಸಾದರು! ಈಗ ನಾನು ಸ್ಟಿಯರಿಂಗ್ ಹಿಡಿಯುತ್ತೇನೆ, ಅವರು ನಿಮ್ಮ ಸೀಟಿನಲ್ಲಿ ಕೂತು ನಿಮ್ಮ ಬ್ರೇಕಿನ ಮೇಲೆ ಕಾಲಿಟ್ಟುಕೊಂಡಿರುತ್ತಾರೆ. ಗೇರ್ ಬದಲಿಸುವಾಗ ಇಬ್ಬರೂ ಉಸಿರು ಹಿಡಿಯುತ್ತೇವೆ. ನಿಮ್ಮ ಫೋನ್ ಆನ್ ಮಾಡಿದ ಮೇಲೆ ನನಗೂ ಒಂದು ಹೆಸರಿಟ್ಟುಕೊಳ್ಳಿ, ಬೇಕಿದ್ದರೆ ಅದನ್ನೂ ಅವರು ಕದ್ದು ಓದಲಿ.

ಗುರುವಾರ ಬೆಳಗಿನ ಬಸ್ಸಿಗೆ ಬನ್ನಿ. ಬಸ್ ಸ್ಟ್ಯಾಂಡಿನ ಹೊರಗೆ ಕಾರು ತಂದು ನಿಲ್ಲಿಸಿರುತ್ತೇನೆ. ಸ್ವಲ್ಪ ಓರೆಯಾಗಿ ನಿಂತಿದ್ದರೆ ಏನೂ ಅನ್ನಬೇಡಿ. ಅಜ್ಜಿ ಹಿಂದಕ್ಕೆ ಹೋಗುತ್ತಾರೆ, ಪಕ್ಕದ ಸೀಟು ನಿಮಗೆ. ದಾರಿಯಲ್ಲಿ ಹೆದರಿಕೆಯಾದರೆ ಬ್ರೇಕ್ ಒತ್ತಿ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಕಚೇರಿಯೊಳಗೆ ನಡೆದದ್ದನ್ನು ನಡೆದ ಹಾಗೆ ಹೇಳಿ, ಸಾಕು. ಆದರೆ ಅಲ್ಲಿ ಯಾರ ಎದುರಿಗೂ, ಬಾಗಿಲು ಕಾಯುವವನ ಕಾಲು ತುಳಿದರೂ ಸರಿಯೇ, ‘ತಪ್ಪಾಯ್ತು’ ಅನ್ನಬೇಡಿ.

ಊರಿಗೆಲ್ಲ ಕ್ಷಮೆ ಕೇಳಿದಿರಿ. ಡಾಕ್ಟರಿಗೆ ಕೇಳಿದಿರಿ, ಟೀಚರಿಗೆ ಕೇಳಿದಿರಿ, ಹಿಂದೆ ನಿಂತು ಹಾರ್ನ್ ಹೊಡೆದವರಿಗೂ ಕೇಳಿದಿರಿ. ಬ್ಯಾಗು ತೆಗೆದುಕೊಂಡು ಹೋಗುವಾಗ ನಾನು ಎಚ್ಚರವಾಗಿಯೇ ಮಲಗಿದ್ದೆ. ನೀವು ಬಾಗಿಲಲ್ಲಿ ನಿಂತದ್ದು ನನಗೆ ಗೊತ್ತಾಯಿತು. ನನ್ನ ಹತ್ತಿರ ಮಾತ್ರ ಕ್ಷಮೆ ಕೇಳಲಿಲ್ಲ. ನಿಮ್ಮ ಹತ್ತಿರ ಇನ್ನೂ ಒಂದೇ ಒಂದು ಕ್ಷಮೆ ಉಳಿದಿದ್ದರೆ ಅದು ನನ್ನದು, ಬೇರೆ ಯಾರಿಗೂ ಕೊಡಬೇಡಿ. ಅದನ್ನು ಕಾರಿನಲ್ಲಿ ಕೇಳಿ. ಗೇರ್ ಬದಲಿಸುವಾಗ ಮಾತ್ರ ಬೇಡ.

ಅತ್ತೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ‘ಸುಖವಾಗಿರು ಅಂತ ಬರಿ. ಬರದಿದ್ರೆ ಆ ಕೋಲು ಹಿಡ್ಕೊಂಡು ನಾನೇ ಬರ್ತೀನಿ ಅಂತಾನೂ ಬರಿ’ ಅಂದರು. ಎರಡನ್ನೂ ಬರೆದಿದ್ದೇನೆ.

ಸಿಟ್ಟು ಇನ್ನೂ ಇಳಿಯದ, ಆದರೂ ಗುರುವಾರಕ್ಕಾಗಿ ಕಾಯುತ್ತಿರುವ,
ನಿಮ್ಮ ಮನೆಯವಳು